ಮೂರು ಹುಲಿ, ಒಂದು ಮರಿ

ನನ್ನ ತಂಗಿಯ ಮಗಳು ಅಶ್ವಿನಿ ಬರುವ ತಿಂಗಳು ನನ್ನ ಹಳೆಯ ಆಫೀಸಿಗೆ ಕೆಲಸಕ್ಕೆ ಸೇರುತ್ತಿದ್ದಾಳೆ. ಆರ್ಡರ್ ಕೈಗೆ ಸಿಕ್ಕ ದಿನವೇ ಪೇಢೆ ಡಬ್ಬಿ ಹಿಡಿದುಕೊಂಡು ಗೋರೆಗಾಂವ್‌ನ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು:

"ಮೌಶಿ, ನೀ ಸರ್ವಿಸ್‌ನ್ಯಾಗ ಟೋಟಲ್ ಎಷ್ಟು ಟೈಗರ್ ಬಚಾವ್ ಮಾಡಿದಿ?"

"ಒಂದೂ ಇಲ್ಲ," ಅಂದೆ.

ಅವಳು ನಕ್ಕಳು. ಹಿರಿಯಳ ವಿನಯ ಅಂದುಕೊಂಡಳೋ ಏನೋ. ನನ್ನಲ್ಲಿ ವಿನಯ ಕಂಡವರು ಆ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ನಿಜ ಹೇಳಿದರೆ ನಗುವ ಕಾಲ ಇದು, ಹಾಗಾಗಿ ಬರೆದೇ ಬಿಡೋಣ ಎಂದು ಕೂತಿದ್ದೇನೆ. ಅಶ್ವಿನಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅವ್ವ ಓದಿ ಹೇಳುತ್ತಾಳೆ. ಆಫೀಸಿನ ಹೆಸರು ಬರೆಯುವುದಿಲ್ಲ. ಬಾಗಿಲ ಮೇಲೆ ಗರ್ಜಿಸುವ ಹುಲಿಯ ಚಿತ್ರವಿದೆ ಎಂದಷ್ಟೇ ಹೇಳಿದರೆ ಸಾಕು.

ಮೊದಲು ತಿಳಿಯಬೇಕಾದದ್ದು ಇಷ್ಟು. ಮುಂಬಯಿಯಲ್ಲಿ ಹುಲಿ ಇಲ್ಲ. ಹುಲಿ ಎಲ್ಲೋ ದೂರದ ಕಾಡಿನಲ್ಲಿ ಉರುಲಿಗೋ ವಿಷಕ್ಕೋ ಸಾಯುತ್ತದೆ. ದನ ಕಳೆದುಕೊಂಡವನು ಸಿಟ್ಟಿನಲ್ಲಿ ವಿಷ ಇಡುತ್ತಾನೆ, ಆಮೇಲೆ ಮತ್ತೊಬ್ಬ ಬಂದು ಚರ್ಮ ಸುಲಿಯುತ್ತಾನೆ. ಈ ಊರಿಗೆ ಬರುವುದು ತುಂಡುಗಳು: ಚರ್ಮ, ಉಗುರು, ಹಲ್ಲು, ಎಲುಬು. ಕೊಳ್ಳುವವರು ಇಲ್ಲಿದ್ದಾರಲ್ಲ. ನಮ್ಮ ಟೇಬಲ್ಲಿಗೆ ತುಂಡು ಬರುವ ಹೊತ್ತಿಗೆ ಹುಲಿ ಸತ್ತು ತಿಂಗಳುಗಳಾಗಿರುತ್ತವೆ. ಆ ತುಂಡಿನ ಪಕ್ಕದಲ್ಲಿ ನಿಂತು ಸಾಹೇಬರು ಫೋಟೋ ತೆಗೆಸಿಕೊಳ್ಳುತ್ತಾರೆ. ಪೇಪರಿನವರು ಅದಕ್ಕೆ ಸಂರಕ್ಷಣೆ ಎಂದು ತಲೆಬರಹ ಕೊಡುತ್ತಾರೆ.

ನನ್ನ ಕೆಲಸ ಬಂದ ತುಂಡು ಅಸಲಿಯೋ ನಕಲಿಯೋ ನೋಡಿ ಬರೆಯುವುದು, ಮತ್ತು ದಾಳಿಗೆ ಹೆಂಗಸರು ಬೇಕಾದಾಗ ಹೋಗುವುದು. ಅದರಲ್ಲಿ ಉಗುರುಗಳದೇ ಮುಕ್ಕಾಲು ಪಾಲು. ಮಗು ಹೆದರಬಾರದು, ದೃಷ್ಟಿ ತಾಗಬಾರದು ಎಂದು ಕೂಸಿನ ಕೊರಳಿಗೆ ಹುಲಿಯುಗುರು ಕಟ್ಟುವ ಜನ ನಾವು. ಕೆಲಸಕ್ಕೆ ಸೇರಿ ವರ್ಷ ತುಂಬುವುದರೊಳಗೆ ನನಗೆ ಒಂದು ಚಟ ಹತ್ತಿತು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಕೂತರೆ ಕಣ್ಣು ಎದುರಿನ ಕೂಸುಗಳ ಕೊರಳಿಗೇ ಹೋಗುತ್ತಿತ್ತು. ತಾಯಂದಿರು ನನ್ನನ್ನು ಸರಗಳ್ಳಿ ಎಂದು ತಿಳಿದು ಕೂಸಿಗೆ ಸೆರಗು ಮುಚ್ಚುತ್ತಿದ್ದರು. ಒಬ್ಬಳು ಅಂಧೇರಿಯಲ್ಲಿ ಇಳಿಯುವಾಗ ಪೊಲೀಸನನ್ನೇ ಕರೆದಿದ್ದಳು. ನಾನು ಐಡಿ ಕಾರ್ಡ್ ತೋರಿಸಿದ ಮೇಲೆ ಪೊಲೀಸ ಅವಳ ಮೇಲೆ ಕಣ್ಣು ಬಿಟ್ಟ, ಪಾಪ ಅವಳು ಅತ್ತೇಬಿಟ್ಟಳು.

ಸಾಂತಾಕ್ರೂಜ್‌ನ ದೊಡ್ಡ ಸೊಸೈಟಿಗಳ ಹೆಂಗಸರದು ಬೇರೆ ಕಥೆ. ಅವರು ಅಳುವುದಿಲ್ಲ. "ನಮ್ಮ ತಾತ ಹೊಡೆದ ಹುಲಿ ಇದು, ಕಾಯ್ದೆಗಿಂತ ಮುಂಚಿನದು," ಎನ್ನುತ್ತಾರೆ. ಈ ಊರಿನ ಎಲ್ಲರ ತಾತಂದಿರೂ ಬಂದೂಕು ಹಿಡಿದೇ ಹುಟ್ಟಿದವರು. ಬಂಗಾರದ ಕಟ್ಟು ಬಿಚ್ಚಿಸಿ ಬುಡ ನೋಡಿದರೆ ಹತ್ತರಲ್ಲಿ ಒಂಬತ್ತು ಎಮ್ಮೆ ಕೊಂಬಿನವು. ಅಸಲಿ ಉಗುರು ಎಲುಬಿನ ಮೇಲೆ ಪದರ ಪದರವಾಗಿ ಬೆಳೆದಿರುತ್ತದೆ, ಕೊಂಬಿನದು ಗಟ್ಟಿ ತುಂಡು. "ಅಮ್ಮಾ, ಇದು ಎಮ್ಮೆದು, ಹೆದರಬೇಡಿ, ಕೇಸಿಲ್ಲ," ಎಂದರೆ ಅವರ ಮುಖ ನೋಡಬೇಕು! ಜೈಲು ತಪ್ಪಿತು ಎಂಬ ಸಂತೋಷ ಒಬ್ಬರಿಗೂ ಇಲ್ಲ. ತಾತನ ಮರ್ಯಾದೆ ತೆಗೆದಳು ಎಂದು ನನ್ನ ಮೇಲೆ ಕಂಪ್ಲೇಂಟ್ ಬರೆದವರಿದ್ದಾರೆ.

ಇನ್ನು ನಮ್ಮ ಗೋರೆಗಾಂವ್. ಕಾಡಂಚಿನಲ್ಲಿ ಬಿಲ್ಡಿಂಗ್ ಕಟ್ಟುವಾಗ ಜಾಹೀರಾತಿನಲ್ಲಿ ಹುಲಿಯ ಚಿತ್ರ ಹಾಕಿ ಮಾರುತ್ತಾರೆ. ಕಾಂಪೌಂಡಿನ ಹಿಂದೆ ಉಳಿದ ಅನ್ನ, ಕೋಳಿ ಎಲುಬು ಎಸೆಯುತ್ತಾರೆ. ಅದಕ್ಕೆ ನಾಯಿ ಬರುತ್ತವೆ, ನಾಯಿಗೆ ಚಿರತೆ ಬರುತ್ತದೆ. ಆಗ ಆಫೀಸಿಗೆ ಫೋನು: "ವಾಘ್ ಆಲಾ!" ಹುಲಿ ಬಂತಂತೆ. ಇಲ್ಲಿಯವರ ಬಾಯಲ್ಲಿ ಚಿರತೆಯೂ ವಾಘ್, ಹುಲಿಯೂ ವಾಘ್. ಒಂದು ಸೊಸೈಟಿಯ ಸೆಕ್ರೆಟರಿ ನನಗೇ ಹೇಳಿದ, "ಮೇಡಂ, ಅದನ್ನ ತಗೊಂಡು ಹೋಗಿ ಕಾಡಲ್ಲಿ ಬಿಡಿ." ಅವನ ಬೆಡ್‌ರೂಮಿನ ಕಿಟಕಿಯಿಂದ ಕೈ ಚಾಚಿದರೆ ಕಾಡು ಸಿಗುತ್ತಿತ್ತು. ಕಸ ಎಸೆಯುವುದನ್ನು ನಿಲ್ಲಿಸಿ ಎಂದೆ. ಅದನ್ನು ಬಿಟ್ಟು ಬೇರೆ ಏನಾದರೂ ಉಪಾಯ ಹೇಳಿ ಎಂದ.

ನಮ್ಮ ದೊಡ್ಡ ಸಾಹೇಬರನ್ನು ಈಗ ಪರಿಚಯಿಸಬೇಕು. ಕಾಡು ಕಂಡವರಲ್ಲ, ಕ್ಯಾಮೆರಾ ಕಂಡವರು. ಅವರ ಡ್ರಾಯರಿನಲ್ಲಿ ಬಾಚಣಿಕೆ, ಪೌಡರು ಸದಾ ಇರುತ್ತಿದ್ದವು. ಒಮ್ಮೆ ಗಿಡಮೂಲಿಕೆ ಅಂಗಡಿಯೊಂದರ ಚೀಲದ ಮೇಲೆ "ವಾಘನಖಿ", ಅಂದರೆ ಹುಲಿಯುಗುರು, ಎಂದು ಬರೆದಿದೆ ಎಂದು ಯಾರೋ ಸುದ್ದಿ ಕೊಟ್ಟರು. ಸಾಹೇಬರು ಸ್ವತಃ ನುಗ್ಗಿ ಇಡೀ ಚೀಲ ಹೊತ್ತು ತಂದರು. ಪೇಪರಿನವರನ್ನು ಕರೆಸಿ, ಬಿಳಿ ಬಟ್ಟೆ ಹಾಸಿ, ಕಪ್ಪಗಿನ ಕೊಕ್ಕೆಗಳನ್ನು ಸುರುವಿದರು. ಸಾವಿರಾರು ಇದ್ದವು. ನಾನು ಒಂದನ್ನು ಎತ್ತಿ ನೋಡಿ, ಸಾಹೇಬರ ಕಿವಿಯಲ್ಲಿ, "ಸರ್, ಇದು ಬೀಜ," ಎಂದೆ. ವಾಘನಖಿ ಎಂಬುದು ಒಂದು ಗಿಡ. ಅದರ ಒಣಬೀಜದ ತುದಿ ಹಾಗೆ ಬಾಗಿರುತ್ತದೆ. ಅದರಷ್ಟು ಉಗುರು ಸೇರಿಸಬೇಕಾದರೆ ದೇಶದ ಹುಲಿಗಳೆಲ್ಲ ಸಾಲಾಗಿ ಬಂದು ಕೈ ಚಾಚಬೇಕಿತ್ತು. ಸಾಹೇಬರು ಮುಖ ಒರೆಸಿಕೊಂಡು ಪೇಪರಿನವರಿಗೆ ಚಹಾ ಹೇಳಿದರು.

ಆ ದಿನ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ. ಶಬ್ದ ನೋಡಿ ಓಡಿದ ಮೂರ್ಖ ಎಂದು ಮನೆಗೆ ಬಂದು ಗಂಡನ ಮುಂದೆಯೂ ಆಡಿಕೊಂಡೆ. ಎರಡು ವರ್ಷದ ಮೇಲೆ ಅದೇ ಮೂರ್ಖತನವನ್ನು ನಾನು ಮಾಡಿದೆ, ಅದೂ ನನ್ನದೇ ಭಾಷೆಯಲ್ಲಿ.

ಅದು ಹೀಗಾಯಿತು. ಸಾಂತಾಕ್ರೂಜ್‌ನ ಒಂದು ಹೋಟೆಲಿನಿಂದ ಹಾಸಿಗೆ ಬಟ್ಟೆ ಒಯ್ದು ಒಗೆಯುವ ಒಬ್ಬಾತ ನನಗೆ ಆಗಾಗ ಸುದ್ದಿ ಕೊಡುತ್ತಿದ್ದ. ಒಂದು ಮಾತೂ ಸುಳ್ಳಾಡಿದವನಲ್ಲ. ಅವನು ಬಂದು ಹೇಳಿದ: ಒಂದು ರೂಮಿನಲ್ಲಿ ಪರಊರಿನವನು ಇದ್ದಾನೆ, ದೊಡ್ಡ ಸೂಟ್‌ಕೇಸು ಇದೆ, ರೂಮು ಗುಡಿಸಲು ಬಿಡುವುದಿಲ್ಲ, ಒಳಗೆ ಡಾಂಬರು ಗುಳಿಗೆಯ ವಾಸನೆ ತಲೆ ಹಿಡಿಯುತ್ತದೆ. ಚರ್ಮಕ್ಕೆ ಹುಳ ಬೀಳದಿರಲೆಂದು ಇಡುವ ಗುಳಿಗೆ ಅದು; ಒಂದು ಹುಲಿಚರ್ಮ ಇರಬೇಕು ಎಂದು ನನಗೆ ಖಾತ್ರಿಯಾಯಿತು. ಮರುದಿನ ಬೆಳಿಗ್ಗೆ ಹೋಗುವುದೆಂದು ತೀರ್ಮಾನವೂ ಆಯಿತು.

ಅದೇ ಸಂಜೆ ಗುಟ್ಟಾಗಿ ಸುದ್ದಿ ತರುವ ಸಾಹೇಬರ ಸ್ವಂತ ಖಬರಿಯೊಬ್ಬ ಕುರ್ಲಾದಿಂದ ಮೊಬೈಲ್ ರೆಕಾರ್ಡಿಂಗ್ ತಂದ. ಚಾಳಿನ ಕೆಳಗೆ ಕೊಂಬಿನ ಗುಂಡಿ, ಬಾಚಣಿಕೆ ಮಾಡುವ ವಿಜಯಪುರದ ಕಡೆಯ ಮುಸಲ್ಮಾನ ಒಬ್ಬ ಇದ್ದಾನೆ, ಫೋನಿನಲ್ಲಿ ಬರೀ ಹುಲಿಯ ಮಾತಾಡುತ್ತಾನೆ, ಭಾಷೆ ಮಾತ್ರ ತಿಳಿಯುವುದಿಲ್ಲ ಎಂದ. ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಸಾಹೇಬರು ತಮ್ಮ ಕುರ್ಚಿಯ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡರು, ಅದೂ ಮೊದಲ ಸಲ. ರೆಕಾರ್ಡಿಂಗಿನಲ್ಲಿದ್ದದ್ದು ಇಷ್ಟು:

"ಮೂರು ಹುಲಿ ತಯಾರ ಅದಾವ. ಒಂದು ಮರಿ. ಉಗುರು ಎಲ್ಲಾ ಹಚ್ಚೀನಿ, ಬಾಲ ಇನ್ನಾ ಒಣಗಬೇಕು. ಬಣ್ಣದ ಚಿಂತಿ ಬ್ಯಾಡ, ಅಲ್ಲೇ ಬಂದು ಮೈಗೆ ಹಚ್ಚೋಣು. ಹಬ್ಬದ ಮೊದಲ ಬರ್ತೀನಿ, ಅವ್ವಗ ಹೇಳು."

ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ಇಳಿಸಿದೆ. ಮೂರು ಹುಲಿ, ಒಂದು ಮರಿ, ಉಗುರು, ಬಾಲ. ಸಾಹೇಬರ ಕಣ್ಣು ಅರಳಿತು. ಬಣ್ಣ ಎಂದರೇನು ಎಂದು ಕೇಳಿದರು. ಚರ್ಮ ಹದ ಮಾಡುವ ಮದ್ದಿರಬೇಕು ಎಂದೆ. ಹಬ್ಬ? ಅದು ಮಾಲು ಕೊಳ್ಳುವ ದಿನದ ಸಂಕೇತ ಎಂದು ಅವರೇ ಹೇಳಿದರು, ನಾನು ತಲೆಯಾಡಿಸಿದೆ. ಅವ್ವ ಎಂದರೆ ಗ್ಯಾಂಗಿನ ಮುಖ್ಯಸ್ಥೆ ಎಂದಾಯಿತು! ಹಾಳೆಯ ಕೆಳಗೆ ನನ್ನ ಸಹಿ ಹಾಕಿದೆ. ನಾಲ್ಕು ಹುಲಿಯ ಮುಂದೆ ಒಂದು ಹುಲಿ ಯಾವ ಲೆಕ್ಕ ಎಂದು ಸಾಹೇಬರು ಸಾಂತಾಕ್ರೂಜ್ ದಾಳಿಯನ್ನು ಮುಂದಕ್ಕೆ ಹಾಕಿದರು. ನಾನು ಬೇಡ ಎನ್ನಲಿಲ್ಲ.

ಮರುದಿನ ಮಧ್ಯಾಹ್ನ ನಾಲ್ಕು ಗಾಡಿ ಕುರ್ಲಾದ ಗಲ್ಲಿಗೆ ನುಗ್ಗಿದವು. ಪೇಪರಿನವರು ನಮಗಿಂತ ಮೊದಲೇ ಬಂದು ನಿಂತಿದ್ದರು. ಒಳಗೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕೊಂಬಿನ ತುಂಡಿಗೆ ಅರ ಹಾಕುತ್ತಾ ಕೂತಿದ್ದ. ಹೆಸರು ಮೆಹಬೂಬ್. ತಲೆಯ ಮೇಲೆ ಹಗ್ಗಕ್ಕೆ ನಾಲ್ಕು ಹಳದಿ ಬಾಲಗಳು ನೇತಾಡುತ್ತಿದ್ದವು. ಸಾಹೇಬರು ಒಂದನ್ನು ಹಿಡಿದು ಕ್ಯಾಮೆರಾಕ್ಕೆ ಎತ್ತಿದರು. ಹಳದಿ ಬಣ್ಣ ಅಂಗೈಗೂ ಬಿಳಿ ಶರ್ಟಿಗೂ ಮೆತ್ತಿಕೊಂಡಿತು. ಹಗ್ಗಕ್ಕೆ ಬಟ್ಟೆ ಸುತ್ತಿ ಮಾಡಿದ ಬಾಲ ಅದು. ಟ್ರಂಕು ತೆರೆದರೆ ಕಾಗದದ ಹುಲಿಮುಖಗಳು, ಮೂರು ದೊಡ್ಡವು, ಒಂದು ಚಿಕ್ಕದು. ಕೈಗವಸಿಗೆ ಹೊಲಿದ ಕೊಂಬಿನ ಉಗುರುಗಳು.

"ಇವು ಏನ್ರಿ?" ಎಂದು ನನ್ನ ಬಾಯಿಂದ ಕನ್ನಡ ಬಂತು.

ಆ ಮನುಷ್ಯನ ಮುಖದಲ್ಲಿ ಜೀವ ಬಂತು. "ಅಕ್ಕಾರ, ನೀವು ಕನ್ನಡದವ್ರೇನ್ರಿ? ಚಲೋ ಆತು ನೀವು ಬಂದದ್ದು. ಇವರಿಗೆ ತಿಳಿಸಿ ಹೇಳ್ರಿ. ಇವು ಮೊಹರಂ ಹುಲಿ ವೇಷದವು. ನಮ್ಮವ್ವನ ಹರಕಿ ಐತ್ರಿ. ಸಣ್ಣಾಂವ ಇದ್ದಾಗ ನಾ ಸಾಯೂ ಹಂಗ ಆಗಿದ್ದೆ. ಉಳದರ ವರ್ಷಾ ಹುಲಿ ಮಾಡಿ ಕುಣಸ್ತೀನಿ ಅಂತ ಬೇಡ್ಕೊಂಡಾಳ. ಅವತ್ತಿಂದ ಒಂದು ವರ್ಷಾನೂ ತಪ್ಪಿಸಿಲ್ರಿ."

ಚಿಕ್ಕ ಮುಖವನ್ನು ಕೈಯಲ್ಲಿ ಹಿಡಿದು ನಾನು ನಿಂತುಬಿಟ್ಟೆ. ನಾನು ಹುಟ್ಟಿದ್ದು ಧಾರವಾಡದಲ್ಲಿ. ಎಂಟು ವರ್ಷದವಳಾಗುವ ತನಕ ಪ್ರತಿ ಮೊಹರಂಗೆ ನಮ್ಮ ಓಣಿಗೆ ಹುಲಿ ಬರುತ್ತಿತ್ತು. ಹಲಗೆಯ ಸದ್ದಿಗೆ ಅಜ್ಜಿಯ ಸೀರೆಯಲ್ಲಿ ಅಡಗುತ್ತಿದ್ದೆ. ಒಮ್ಮೆ ಜೋರಾಗಿ ಅತ್ತಾಗ ಹುಲಿ ಮುಖವಾಡ ಎತ್ತಿ, "ಅಳಬ್ಯಾಡವ್ವಾ, ನಾ ಹುಲಿ ಅಲ್ಲ, ನಿಮ್ಮ ಓಣಿ ದಸ್ತಗೀರ," ಎಂದು ನಕ್ಕಿತ್ತು. ಇಷ್ಟೆಲ್ಲ ನನಗೆ ಗೊತ್ತಿತ್ತು. ರೆಕಾರ್ಡಿಂಗ್ ಕೇಳುವಾಗ ಸಾಹೇಬರ ಪಕ್ಕದ ಕುರ್ಚಿ ಸಿಕ್ಕಿತ್ತಲ್ಲ, ಅದರಲ್ಲಿ ಕೂತವಳಿಗೆ ಧಾರವಾಡ ನೆನಪಾಗಲಿಲ್ಲ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆ ಗಳಿಗೆಯಲ್ಲಿ.

"ಸರ್, ಇದು ವೇಷ. ತಪ್ಪಾಗಿದೆ. ಬಿಟ್ಟುಬಿಡೋಣ," ಎಂದೆ. ಸಾಹೇಬರು ಶರ್ಟು ಒರೆಸುತ್ತಾ ಹಿಂದಿಯಲ್ಲಿ, "ಉಗುರು ಯಾವ ಪ್ರಾಣಿಯದು ಎಂದು ಲ್ಯಾಬ್ ಹೇಳಬೇಕು, ನೀವಲ್ಲ," ಎಂದರು. ಉಗುರು ನೋಡಿ ಹೇಳುವುದಕ್ಕೇ ಸರ್ಕಾರ ನನ್ನನ್ನು ಇಟ್ಟುಕೊಂಡಿದ್ದು ಎಂಬುದು ಅವರಿಗೆ ಆ ದಿನ ಮರೆತಿತ್ತು. ಬರಿಗೈಯಲ್ಲಿ ಹೋದರೆ ಪೇಪರಿನವರು ಏನು ಬರೆದಾರು? ಮೆಹಬೂಬರನ್ನು ಗಾಡಿಗೆ ಹತ್ತಿಸಿದರು. ಮುಖವಾಡ, ಬಾಲ, ಉಗುರುಗಳಿಗೆ ಸೀಲು ಬಿತ್ತು. ಚೀಟಿಯ ಮೇಲೆ ಗುಮಾಸ್ತ ಬರೆದ: ಹುಲಿ ಮೂರು, ಮರಿ ಒಂದು. ಗಾಡಿ ಹತ್ತುವಾಗ ಅವರು ನನ್ನನ್ನೇ ನೋಡಿ, "ಅಕ್ಕಾರ, ಮೊಹರಂ ಒಂಬತ್ತನೇ ದಿನಕ್ಕ ನಾ ಊರಾಗಿರಬೇಕ್ರಿ," ಎಂದರು. ಆ ಇಂಗ್ಲಿಷ್ ಹಾಳೆ ನನ್ನದೆಂದು ಅವರಿಗಿನ್ನೂ ತಿಳಿದಿರಲಿಲ್ಲ.

ಅಲ್ಲಿಂದಲೇ ಸಾಂತಾಕ್ರೂಜ್‌ಗೆ ಹೋಗೋಣ ಎಂದು ಹಟ ಹಿಡಿದೆ. ಹೋದಾಗ ಸಂಜೆ. ರೂಮು ಖಾಲಿಯಾಗಿತ್ತು, ಕುರ್ಲಾದ ದಾಳಿಯ ಸುದ್ದಿ ಟೀವಿಯಲ್ಲಿ ಬಂದ ಮೇಲೆ ಯಾರು ಕಾಯುತ್ತಾರೆ? ವಾಸನೆ ಮಾತ್ರ ಉಳಿದಿತ್ತು. ಬಟ್ಟೆ ಒಗೆಯುವಾತ ಆ ರೂಮಿನ ಚಾದರವನ್ನು ಒಗೆಯದೆ ಎತ್ತಿಟ್ಟಿದ್ದ. ಅದರಲ್ಲಿ ಗಿಡ್ಡನೆಯ ಒಂದು ಕೂದಲು ಸಿಕ್ಕಿತು. ಲ್ಯಾಬಿನಿಂದ ಎಷ್ಟೋ ತಿಂಗಳ ಮೇಲೆ ಉತ್ತರ ಬಂತು, ಹುಲಿಯದೇ. ನನ್ನ ಇಡೀ ನೌಕರಿಯಲ್ಲಿ ಇಡೀ ಚರ್ಮ ಮಾರುವವನ ಅಷ್ಟು ಹತ್ತಿರ ನಾನು ಮತ್ತೆ ಹೋಗಲಿಲ್ಲ. ಆ ಚರ್ಮ ಯಾವ ಗೋಡೆಯ ಮೇಲಿದೆಯೋ, ಅದನ್ನು ಮಾರಿದವನು ಆಮೇಲೆ ಇನ್ನೆಷ್ಟು ತಂದನೋ ಗೊತ್ತಿಲ್ಲ.

ಮೆಹಬೂಬರನ್ನು ಬಿಡಿಸಲು ಇದ್ದದ್ದು ಒಂದೇ ದಾರಿ. ನನ್ನ ಅನುವಾದ ತಪ್ಪು, ಅದು ವೇಷದ ಮಾತು ಎಂದು ನಾನೇ ಬರೆದು ಕೋರ್ಟಿಗೆ ಕೊಡಬೇಕಿತ್ತು. ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಟೇಬಲ್ ಮೇಲಿದ್ದ ನನ್ನ ಬಡ್ತಿಯ ಫೈಲನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ, "ಯೋಚನೆ ಮಾಡಿ," ಎಂದರು. ಬಡ್ತಿಯ ಬಗ್ಗೆ ಈ ಬರಹದಲ್ಲಿ ಇದೊಂದೇ ಮಾತು.

ನಾನು ಮೂರು ದಿನ ಯೋಚಿಸಿದೆ. ಆ ಮೂರು ದಿನ ಏನು ಮಾಡಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಲೋಕಲ್ ಹತ್ತಿದೆ, ಡಬ್ಬಿ ಬಿಚ್ಚಿ ಚಪಾತಿ ತಿಂದೆ, ಕೂಸುಗಳ ಕೊರಳು ನೋಡಿದೆ. ನಾಲ್ಕನೆಯ ದಿನ ಬರೆದುಕೊಟ್ಟೆ. ಕೋರ್ಟಿನ ತಾರೀಖು ಬಿದ್ದದ್ದು ಮೊಹರಂ ಮುಗಿದ ಮರುದಿನ. ಮೊದಲ ದಿನವೇ ಬರೆದಿದ್ದರೆ ಅವರು ಊರು ಮುಟ್ಟುತ್ತಿದ್ದರು ಎಂದು ಸರ್ಕಾರಿ ವಕೀಲರೇ ಹೇಳಿದರು. ಅವರು ಸಹಜವಾಗಿ ಆಡಿದ ಮಾತು ಅದು, ನನಗೆ ಇವತ್ತಿಗೂ ನುಂಗಲಾಗಿಲ್ಲ.

ಕೋರ್ಟಿನಲ್ಲಿ ನನ್ನ ಹಾಳೆ ಓದಿದರು. ಮೆಹಬೂಬರು ತಿರುಗಿ ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ಕೈಮುಗಿದೆ. "ಕೋಯಿ ಬಾತ್ ನಹೀಂ, ಮೇಡಂ," ಎಂದರು. ಅಕ್ಕಾರ ಹೋಗಿ ಮೇಡಂ ಆಗಿದ್ದೆ, ಕನ್ನಡ ಹೋಗಿ ಹಿಂದಿ ಬಂದಿತ್ತು. ಸೀಲಾದ ಹುಲಿಗಳು ಜಪ್ತಿ ಮಾಲು ಇಡುವ ನಮ್ಮ ಮಾಲಖಾನೆಯಿಂದ ಹೊರಬೀಳಲು ಇನ್ನೂ ಆರು ತಿಂಗಳು ಹಿಡಿಯಿತು. ಚಿಕ್ಕ ಮುಖವಾಡದ ಕಿವಿಯನ್ನು ಇಲಿ ತಿಂದಿತ್ತು.

ನಾನೇ ಒಯ್ದು ಕೊಟ್ಟೆ. ಆಮೇಲೂ ಕುರ್ಲಾಕ್ಕೆ ಹೋಗುತ್ತಿದ್ದೆ, ಯಾಕೆ ಎಂದು ಅವರೂ ಕೇಳಲಿಲ್ಲ. ಮೂರನೆಯ ವರ್ಷ ಒಂದು ಉಗುರಿನ ಬಗ್ಗೆ ನನಗೆ ಅನುಮಾನವಿತ್ತು, ಅವರ ಮುಂದೆ ಇಟ್ಟೆ. ಅವರು ಹೆಬ್ಬೆರಳಿನಿಂದ ಸವರಿ, ಬುಡ ಮೂಸಿ, ಮೈಮರೆತು ಕನ್ನಡದಲ್ಲಿ ಅಂದರು:

"ಇದು ಕೊಂಬಿಂದಲ್ರಿ ಅಕ್ಕಾರ. ಇದು ಜೀವ ಇದ್ದದ್ದು."

ನನ್ನ ಕಣ್ಣಲ್ಲಿ ನೀರು ಬಂತು. ಅವರು ನೋಡದವರಂತೆ ಅರ ಹಾಕಲು ಶುರು ಮಾಡಿದರು. ಲ್ಯಾಬಿನ ಉತ್ತರ ಬರಲು ತಿಂಗಳುಗಳು ಬೇಕಾಗುತ್ತಿದ್ದ ಕಡೆ ಆ ಹೆಬ್ಬೆರಳಿಗೆ ಒಂದು ನಿಮಿಷ ಸಾಕಾಗುತ್ತಿತ್ತು. ಅದರಿಂದ ಎರಡು ಕೇಸು ಹಿಡಿದೆವು. ಪೇಪರಿನಲ್ಲಿ ಸಾಹೇಬರ ಫೋಟೋ ಬಂತು. ಒಮ್ಮೆ ನಾನು ಕೇಳಿದೆ, ಇಷ್ಟಾದ ಮೇಲೂ ಯಾಕೆ ಹೇಳಿಕೊಡುತ್ತೀರಿ ಎಂದು. "ಕಾಡಿನ ಹುಲಿ ಸತ್ತು ಹೋದ್ರ ನಾವು ಯಾವ ಹುಲಿ ಅಂತ ಕುಣಿಯೋದ್ರಿ?" ಎಂದರು. ತಪ್ಪಿದ ಆ ವರ್ಷದ ಮಾತು ಅವರು ಎತ್ತಿದ್ದು ಒಂದೇ ಸಲ. ಅವ್ವ ಆ ಹಬ್ಬದ ದಿನವೆಲ್ಲ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ನನ್ನ ಹುಲಿ ಎಲ್ಲಿ ಎಂದು ಕೇಳಿದಳಂತೆ. ಮುಂದಿನ ಮೊಹರಂಗೆ ಅವಳು ಇರಲಿಲ್ಲ.

ಮೊನ್ನೆ ಅಶ್ವಿನಿಯನ್ನು ಅವರ ಬಳಿಗೆ ಕರೆದುಕೊಂಡು ಹೋದೆ. ಕೊಂಬು ಯಾವುದು, ಉಗುರು ಯಾವುದು ಕಲಿಯಲಿ ಎಂದು. ಅವರು ಒಂದೊಂದೇ ತುಂಡನ್ನು ಅವಳ ಅಂಗೈಯಲ್ಲಿ ಇಟ್ಟು ಹೇಳಿಕೊಡುತ್ತಿದ್ದರು. ನಡುವೆ ಊರಿನಿಂದ ಫೋನು ಬಂತು. ಅವರು ಒಮ್ಮೆ ಬಾಗಿಲ ಕಡೆ, ಒಮ್ಮೆ ನಮ್ಮ ಕಡೆ ನೋಡಿ ದನಿ ತಗ್ಗಿಸಿದರು.

"ಹಾಂ, ಮೂರು ಬೆಕ್ಕು ತಯಾರ ಅದಾವ. ಒಂದು ಮರಿಬೆಕ್ಕು. ಬಾಲ ಇನ್ನಾ ಒಣಗಬೇಕು."

ಆ ಘಟನೆಯಾದಾಗಿನಿಂದ ಫೋನಿನಲ್ಲಿ ಅವರು ಹುಲಿ ಎಂಬ ಶಬ್ದ ಆಡುವುದಿಲ್ಲ ಎಂದು ನನಗೆ ಅವತ್ತೇ ತಿಳಿದದ್ದು.

ಅಶ್ವಿನಿ ನನ್ನ ಕಿವಿಯ ಹತ್ತಿರ ಬಂದಳು. ಅವಳ ಬೆರಳು ಆಗಲೇ ಮೊಬೈಲಿನ ರೆಕಾರ್ಡಿಂಗ್ ಬಟನ್ನಿನ ಮೇಲಿತ್ತು. "ಮೌಶಿ, ಬೆಕ್ಕು ಮತ್ಲಬ್ ಕ್ಯಾಟ್ ನಾ? ಕೋಡ್‌ವರ್ಡ್ ಐತೇನು?"

"ನನ್ನ ಕೇಳಬ್ಯಾಡ," ಅಂದೆ. "ಅಲ್ಲೇ ಕುಂತಾರಲ್ಲ, ಅವರನ್ನ ಕೇಳು."